ಪ್ಯಾರಿಸ್ಸಿನ ಹೆಂಗಸರೂ ಸದಾಶಿವ ಪೇಠದ ಸಂಡಾಸವೂ

ಮಧುಕರ ಸರ್ ಅವರ ಕ್ಲಾಸಿನಲ್ಲಿ ಫ್ರಾನ್ಸಿನ ರಾಜನ ತಲೆ ವರ್ಷಕ್ಕೆ ಎರಡು ಸಲ ಉರುಳುತ್ತಿತ್ತು. ಒಮ್ಮೆ ಜೂನ್ ತಿಂಗಳ ಬ್ಯಾಚಿಗೆ, ಒಮ್ಮೆ ದೀಪಾವಳಿ ಕಳೆದು ಬರುವ ಬ್ಯಾಚಿಗೆ. ತಲೆ ಉರುಳುವ ಹೊತ್ತಿಗೆ ಸರಿಯಾಗಿ ಅನುಸೂಯಾ ಬಕೆಟ್ಟು, ಬ್ರಶ್ಶು, ಫಿನೈಲು ಹಿಡಿದು ಬಾಗಿಲ ಹೊರಗೆ ನಿಂತಿರಬೇಕು. ಏಕೆಂದರೆ ತಲೆ ಉರುಳಿದ ಮೇಲೆ ಚಹಾದ ಬಿಡುವು. ಬಿಡುವಿನಲ್ಲಿ ಎಲ್ಲರೂ ಸಂಡಾಸಕ್ಕೆ ಹೋಗುತ್ತಾರೆ. ಎಲ್ಲರೂ ಹೋಗಿ ಬಂದ ಮೇಲೆ ಅನುಸೂಯಾ ಹೋಗುತ್ತಾಳೆ.

ತೊಳೆಯಲು. ಅಷ್ಟೇ.

ಸದಾಶಿವ ಪೇಠದಲ್ಲಿ ಹಳೆಯ ವಾಡೆಯೊಂದನ್ನು ಕೆಡವಿ ಎಬ್ಬಿಸಿದ ಕಟ್ಟಡ. ಅದರ ಎರಡನೆಯ ಮಹಡಿಯಲ್ಲಿ ಕ್ಲಾಸು. ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳು ಸಾಂಗ್ಲಿ, ಸೋಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯಿಂದ ಬಂದು, ಒಂದು ಕೋಣೆಯಲ್ಲಿ ನಾಲ್ಕು ಮಂಚ ಹಾಕಿಕೊಂಡು ಇದ್ದು, ಇಲ್ಲಿ ಇತಿಹಾಸ ಕಲಿಯುತ್ತಿದ್ದರು. ಮಧುಕರ ಸರ್ ಧಾರವಾಡದ ಕಡೆಯವರು. ತಂದೆಯ ಕಾಲಕ್ಕೇ ಪುಣೆಗೆ ಬಂದ ಮನೆತನ. ಅವರ ಹೆಂಡತಿ ನೀಲಿಮಾ ಮ್ಯಾಡಮ್ ಆಫೀಸು ನೋಡಿಕೊಳ್ಳುತ್ತಿದ್ದರು. ಪಾಠ ಮರಾಠಿಯಲ್ಲಿ ನಡೆಯುತ್ತಿತ್ತು, ಗಂಡಹೆಂಡತಿಯ ಗುಟ್ಟು ಕನ್ನಡದಲ್ಲಿ. ಎದುರಿಗೆ ಹುಡುಗನೊಬ್ಬನ ತಂದೆ ಕುಳಿತು ವಿಚಾರಿಸುತ್ತಿದ್ದರೆ ಮ್ಯಾಡಮ್ ಮುಖದ ನಗೆ ಮಾಸದಂತೆ, "ಈ ಮನಶ್ಯಾ ಭಾಳ ತಲಿ ತಿಂತಾನ, ಲಗೂ ಕಳಸ್ರಿ" ಎನ್ನುತ್ತಿದ್ದರು. ಸರ್ ಕೂಡ ನಗುತ್ತಲೇ, "ಮದಲ ಚಹಾ ಕುಡೀಲಿ ತಡಿ" ಎನ್ನುತ್ತಿದ್ದರು. ಆ ತಂದೆಯೂ ನಗುತ್ತಿದ್ದ. ಪುಣೆಯಲ್ಲಿ ಕನ್ನಡವೆಂದರೆ ಮನೆಯೊಳಗಿನ ಕಪಾಟು, ಏನನ್ನು ಬೇಕಾದರೂ ಅದರೊಳಗೆ ಮುಚ್ಚಿಡಬಹುದು ಎಂದು ಅವರಿಬ್ಬರಿಗೂ ಗಟ್ಟಿ ನಂಬಿಕೆ. ಅನುಸೂಯಾ ಇಂಡಿ ತಾಲೂಕಿನವಳು, ಅವಳಿಗೆ ಎಲ್ಲವೂ ತಿಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಬಕೆಟ್ಟಿನ ಎದುರು ಯಾರು ನಾಚಿಕೊಳ್ಳುತ್ತಾರೆ?

ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಬೇಕು. ಆ್ಯಸಿಡ್ ತಾಗಿ ಅನುಸೂಯಾಳ ಬೆರಳ ಸಂದಿ ಸೀಳಿದಾಗ ನೀಲಿಮಾ ಮ್ಯಾಡಮ್ ತಾವೇ ಮುಲಾಮು ತಂದು ಕೊಟ್ಟಿದ್ದರು. ದೀಪಾವಳಿಗೆ ಚಕ್ಕಲಿಯ ಡಬ್ಬಿ ಕೊಡುತ್ತಿದ್ದರು, ಡಬ್ಬಿಯನ್ನು ವಾಪಸು ಕೇಳುತ್ತಿರಲಿಲ್ಲ. ಮಾತಿಗೊಮ್ಮೆ "ಮಾವಶಿ" ಎನ್ನುತ್ತಿದ್ದರು. ಮಾವಶಿ ಎಂದರೆ ಅವ್ವನ ತಂಗಿ. ಪುಣೆಯಲ್ಲಿ ಕಸ ಗುಡಿಸುವ, ಪಾತ್ರೆ ತಿಕ್ಕುವ ಹೆಂಗಸರೆಲ್ಲರೂ ಊರಿಗೆ ಊರೇ ಅವ್ವನ ತಂಗಿಯರು. ಇಷ್ಟೊಂದು ಮಕ್ಕಳಿರುವ ಚಿಕ್ಕವ್ವನಿಗೆ ಒಂದಕ್ಕೆ ಹೋಗಲು ಜಾಗವಿರಲಿಲ್ಲ, ಅಷ್ಟೇ.

ಮೊದಲು ಇತ್ತು. ಹೋದ ವರ್ಷದ ತನಕ ಕ್ಲಾಸಿನ ಸಂಡಾಸಕ್ಕೆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಲ್ಲಿ ಸೋರುತ್ತಿತ್ತು. ಗೋಡೆಗೆ ಪಾಚಿ. ಹುಡುಗಿಯರು ಮೂಗು ಹಿಡಿದು ಹೋಗುತ್ತಿದ್ದರು, ಮ್ಯಾಡಮ್ ಹೋಗುತ್ತಿದ್ದರು, ಅನುಸೂಯಾಳೂ ಹೋಗುತ್ತಿದ್ದಳು. ಯಾರೂ ಕೇಳಿದ್ದಿಲ್ಲ. ಗಂಡಸರಿಗೆ ಕೆಳಗೆ ಪಾರ್ಕಿಂಗಿನ ಹಿಂದೆ ನಿಂತು ಹೋಗುವ ಮೋರಿಯೊಂದಿತ್ತು. ಹೋದ ಬೇಸಗೆಯಲ್ಲಿ ಸರ್ ಎಲ್ಲವನ್ನೂ ಕಿತ್ತು ಹಾಕಿಸಿದರು. ಬಿಳಿಯ ಟೈಲ್ಸು ಬಂತು, ಕೂರುವ ಕಮೋಡು ಬಂತು, ಕನ್ನಡಿ ಬಂತು. ಕೊನೆಗೆ ಬೀಗ ಬಂತು. ಗಬ್ಬು ನಾರುವ ತನಕ ಎಲ್ಲರದ್ದೂ ಆಗಿದ್ದ ಸಂಡಾಸ ಚೆಂದವಾದ ದಿನವೇ ಕೆಲವರದ್ದಾಯಿತು. ಕೀಲಿಕೈ ನೀಲಿಮಾ ಮ್ಯಾಡಮ್ಮರ ಕುರ್ಚಿಯ ಹಿಂದಿನ ಮೊಳೆಗೆ ಹೋಯಿತು. ಹುಡುಗಿಯರು ಕೇಳಿ ಪಡೆಯುತ್ತಿದ್ದರು. ಅನುಸೂಯಾ ಕೇಳಿದಾಗ ಮ್ಯಾಡಮ್ ಮೆತ್ತಗೆ ಹೇಳಿದರು:

"ಮಾವಶಿ, ನಿಮಗ ಹೊರಗ ಚೌಕದಾಗ ಸಾರ್ವಜನಿಕದ್ದು ಅದ ಅಲ್ಲ? ಇದು ಹೈಜೀನ್ ಪ್ರಶ್ನಾ. ತಪ್ಪು ತಿಳಕೋಬ್ಯಾಡ್ರಿ."

"ತೊಳಿಯಾಕಿ ನಾನ ಅಲ್ರೀ ಬಾಯಾರ?"

"ಅದಕ್ಕ ಅಂದೆ. ನೀವು ದಿನಾ ಎಷ್ಟ ಸ್ವಚ್ಛ ಇಡ್ತೀರಿ, ಅದು ಹಂಗ ಇರ್ಲಿ."

ಒಂದು ದಿನ ತೊಳೆಯಲು ಹೋದವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಮ್ಯಾಡಮ್ಮರಿಗೆ ಚಿಲಕದ ಸದ್ದು ಕೇಳಿತು. ಅಂದಿನಿಂದ ಇನ್ನೊಂದು ನೇಮ: ತೊಳೆಯುವಾಗ ಬಾಗಿಲು ತೆರೆದಿರಬೇಕು. ಆಫೀಸಿನ ಮೇಜು ಎದುರಿಗೇ ಇತ್ತು. ಅನುಸೂಯಾ ಸೊಂಟ ಬಗ್ಗಿಸಿ, ಪರರು ಕೂತೆದ್ದ ಕಮೋಡಿಗೆ ಕೈ ಹಾಕಿ ಉಜ್ಜುವಾಗ ಹಿಂದೆ ಮ್ಯಾಡಮ್ ಫೋನಿನಲ್ಲಿ ಅಡ್ಮಿಶನ್ನಿನ ಮಾತಾಡುತ್ತಿರುತ್ತಿದ್ದರು. ಬೆನ್ನಿಗೆ ಕಣ್ಣು ತಾಗುತ್ತಿತ್ತು. ಹರಿಯುವ ನೀರಿನ ಸದ್ದಿಗೆ ಕಿಬ್ಬೊಟ್ಟೆ ಹಿಂಡುತ್ತಿತ್ತು. ತೊಡೆ ಒತ್ತಿ ಹಿಡಿದು ಉಜ್ಜುತ್ತಿದ್ದಳು.

ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟಳು. ಆದರೆ ಮೂತ್ರಕೋಶದ ಲೆಕ್ಕ ಬೇರೆಯೇ ಇರುತ್ತದೆ. ಉರಿ ಶುರುವಾಯಿತು. ಚಳಿಜ್ವರ ಬಂತು. ಮಹಾನಗರಪಾಲಿಕೆಯ ದವಾಖಾನೆಯ ಡಾಕ್ಟರು ಹುಡುಗಿ ಗುಳಿಗೆ ಬರೆದುಕೊಟ್ಟು ಗದರಿಸಿದಳು. ನೀರು ಕುಡಿಯಬೇಕು, ಬಂದದ್ದನ್ನು ತಡೆಯಬಾರದು, ತಡೆದರೆ ಕಿಡ್ನಿ ಹೋಗುತ್ತದೆ. ಅನುಸೂಯಾ ಗುಳಿಗೆಯ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಕೇಳಿದಳು: "ಕುಡಿಯೂದು ಕುಡೀತೀನ್ರಿ ಡಾಕ್ಟರಬಾಯಿ, ಹೋಗೂದೆಲ್ಲಿ ಅಂತ ಅದನ್ನೂ ಬರದು ಕೊಡ್ರಿ." ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವಳ ಹಣೆ ಮುಟ್ಟಿ ನೋಡಿ, ಕುಡಿಯಲೆಂದು ತನ್ನ ಮೇಜಿನ ಬಾಟಲಿಯನ್ನೇ ಮುಂದೆ ಸರಿಸಿದಳು.

ಚೌಕದ ಸಾರ್ವಜನಿಕ ಶೌಚಾಲಯವನ್ನು ರಸ್ತೆ ಅಗಲ ಮಾಡಲು ಒಡೆದಿದ್ದರು. ಬದಿಯ ಉಡುಪಿ ಹೊಟೇಲಿನ ಉಮಾವತಿಯಕ್ಕ ಮಾತ್ರ ಕೇಳದೆಯೇ ಕರೆದಿದ್ದರು: "ಎಂತ ಮಾರಾಯ್ತಿ, ಮುಖ ಹೀಗೆ ಮಾಡಿಕೊಂಡು ನಿಂತಿದ್ದೀಯ? ಹಿಂದಿನ ಬಾಗಿಲಿಂದ ಹೋಗು. ಯಾರಾದ್ರೂ ಕೇಳಿದ್ರೆ ಉಮಕ್ಕ ಹೇಳಿದ್ರು ಅನ್ನು." ಆ ಹೊಟೇಲಿನ ಪುಣ್ಯದಿಂದ ಕೆಲವು ತಿಂಗಳು ಕಳೆದವು. ಈಗ ಉಮಾವತಿಯಕ್ಕ ಮಗಳು ಯಶ್ಮಿತಾಳ ಮದುವೆಗೆಂದು ಹೊಟೇಲು ಮುಚ್ಚಿ ಕುಂದಾಪುರಕ್ಕೆ ಹೋಗಿದ್ದರು.

ಆ ವಾರದಲ್ಲೇ ಜೂನ್ ಬ್ಯಾಚಿನ ಡೆಮೊ ಪಾಠ ಬಂತು.

ಡೆಮೊ ಎಂದರೆ ಊರೂರಿಂದ ತಂದೆತಾಯಿಯರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಸರ್ ಒಂದು ಪಾಠ ಮಾಡಿ ತೋರಿಸುತ್ತಾರೆ. ಮೆಚ್ಚಿದರೆ ಸೇರಿಸುತ್ತಾರೆ. ಪಾಠ ಯಾವಾಗಲೂ ಒಂದೇ: ಸ್ವಾತಂತ್ರ್ಯ, ಸಮತೆ, ಬಂಧುತ್ವ ಎಂಬ ಮೂರು ಮಾತು ಹೇಗೆ ಸಿಂಹಾಸನಗಳನ್ನು ಉರುಳಿಸಿದವು ಎಂಬುದು. ಸರ್ ಅದನ್ನು ನಾಟಕ ಮಾಡಿಯೇ ಹೇಳುತ್ತಿದ್ದರು. ಹುಡುಗನೊಬ್ಬನಿಗೆ ಪರದೆ ಹೊದಿಸಿ ರಾಜನನ್ನಾಗಿ ಮಾಡುವರು. ಉಳಿದವರು ಬೆನ್ನ ಮೇಲೆ ಪುಸ್ತಕದ ಚೀಲ ಹೊತ್ತು ಬಗ್ಗಿ ನಿಂತು, ತೆರಿಗೆ ಹೊತ್ತ ಬಡ ಜನತೆ ಆಗುವರು. ಅಮೆರಿಕದವರು ಚಹಾದ ಪೆಟ್ಟಿಗೆ ಸಮುದ್ರಕ್ಕೆ ಎಸೆದದ್ದನ್ನು ಹೇಳುವಾಗ ಸರ್ ಮೇಜಿನ ಮೇಲಿನ ಪುಸ್ತಕಗಳನ್ನು ನಿಜವಾಗಿ ಎಸೆಯುತ್ತಿದ್ದರು. ಬ್ಯಾಸ್ಟಿಲ್ ಸೆರೆಮನೆ ಒಡೆಯುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ನಟನೆಯಲ್ಲ. ಎಷ್ಟೋ ವರ್ಷ ಬಾಗಿಲ ಸಂದಿಯಿಂದ ನೋಡಿದ ಅನುಸೂಯಾಳಿಗೆ ಅದು ಗೊತ್ತು.

ಆ ಮೂರು ಮಾತು ಅವಳಿಗೆ ಹೊಸವೇನಲ್ಲ. ಅವಳಿದ್ದ ವಸ್ತಿಯಲ್ಲಿ ಏಪ್ರಿಲ್ ತಿಂಗಳ ಜಯಂತಿಯಂದು ಇಡೀ ದಿನ ಲೌಡ್‌ಸ್ಪೀಕರಿನಲ್ಲಿ ಅವೇ. ಅವಳ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊದ ಕೆಳಗೂ ಅವೇ. ಅವು ಪ್ಯಾರಿಸ್ಸಿನಲ್ಲಿ ಹುಟ್ಟಿದವು ಎಂದು ಸರ್ ಹೇಳಿದ್ದನ್ನು ಒಮ್ಮೆ ಮಗಳು ಸಾಯಲಿಯ ಮುಂದೆ ಹೇಳಿದಳು. ಸಾಯಲಿ ಚಾಕಣದ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವಳು.

"ಎಲ್ಲ್ಯಾರ ಹುಟ್ಲಿ ಬಿಡ ಯವ್ವ," ಎಂದಳು ಸಾಯಲಿ ಜಡೆ ಬಿಚ್ಚುತ್ತ. "ನಮ್ಮ ಕಂಪನಿಯಾಗ ಒಂದಕ್ಕ ಹೋಗಬೇಕಂದ್ರ ಸೂಪರ್‌ವೈಜರನ ಕೈಯಾಗಿಂದು ಪಾಸ್ ಬೇಕು. ಅವನಿಗಿ ಯಾರರ ಹೇಳೂದದ ಏನು, ಪ್ಯಾರಿಸ್ಸಿನ್ಯಾಗ ಹಿಂಗಾಗ್ಯದ ಅಂತ?"

"ಪಾಸರ ಕೊಡ್ತಾರಲ್ಲ ನಿಮಗ," ಎಂದಳು ಅನುಸೂಯಾ. ಅವಳಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಡೆಮೊ ದಿನ ಬೆಳಿಗ್ಗೆಯಿಂದಲೇ ಎಲ್ಲರೂ ಅವಳ ಮೇಲೆ ಪ್ರೀತಿ ತೋರಿಸಿದರು. ಆ ದಿನದ ಪ್ರೀತಿಯೆಲ್ಲ ನೀರಾಗಿಯೇ ಬಂತು. ಕಾವಲುಗಾರ ಬಸವಲಿಂಗ ಜತ್ತದ ಕಡೆಯವನು, ಗೇಟು ಕಾಯುವುದರಿಂದ ಹಿಡಿದು ಮೈಕು ಹಚ್ಚುವ ತನಕ ಎಲ್ಲ ಕೆಲಸ ಅವನದೇ. ಅವಳು ಜ್ವರದಿಂದ ಎದ್ದವಳು ಎಂದು ಅವನು ಶುಂಠಿ ಹಾಕಿಸಿದ ಚಹಾ ತಂದ. "ಪೂರಾ ಕುಡಿ ಅನಸಕ್ಕಾ, ಚೂರೂ ಬಿಡಬ್ಯಾಡ." ಕುಡಿದಳು. ಹಳೆಯ ಬ್ಯಾಚಿನ ಜ್ಯೋತ್ಸ್ನಾ, ಮೂರು ಸಲ ಪರೀಕ್ಷೆ ಬರೆದೂ ನಗುವುದನ್ನು ಬಿಡದ ಹುಡುಗಿ, ಬಾಟಲಿಯಲ್ಲಿ ಲಿಂಬು ಶರಬತ್ತು ಮಾಡಿಕೊಂಡು ಬಂದಿದ್ದಳು. ಡಾಕ್ಟರು ನೀರು ಕುಡಿ ಎಂದಿದ್ದು ಅವಳಿಗೆ ಗೊತ್ತಿತ್ತು. ಎದುರು ನಿಂತು ಕುಡಿಸಿದಳು. ಕೊನೆಗೆ ನೀಲಿಮಾ ಮ್ಯಾಡಮ್ ಅತಿಥಿಗಳಿಗೆಂದು ಮಾಡಿಸಿದ ಕೋಕಂ ಪಾನಕದಲ್ಲಿ ಒಂದು ಲೋಟ ಅವಳಿಗೂ ಕೊಟ್ಟರು. ಅವಳ ಲೋಟ ಕಿಟಕಿಯ ಮೇಲೆ ಬೇರೆಯೇ ಇತ್ತು, ಆದರೆ ತುಂಬಿಸಿದ್ದು ಮಾತ್ರ ಅಂಚಿನ ತನಕ.

ಹೊತ್ತು ಏರುತ್ತಿದ್ದಂತೆ ಅನುಸೂಯಾ ಮೇಜಿನ ಹತ್ತಿರ ಹೋಗಿ ನಿಂತಳು.

"ಬಾಯಾರ, ಒಂದಕ್ಕ ಹೋಗಬೇಕ್ರಿ."

"ಹೋಗಿ ಬರ್ರಿ. ಚೌಕದಾಗ ಅದ ಅಲ್ಲ."

"ಅದನ್ನ ಒಡದಾರ್ರಿ."

"ಒಡದಾರ?" ಮ್ಯಾಡಮ್ಮರಿಗೆ ನಿಜವಾಗಿಯೂ ಆಶ್ಚರ್ಯ. ಅವರು ಆ ಕಡೆ ತಿರುಗಿ ನೋಡಿದ್ದಾದರೂ ಯಾವಾಗ? "ಛೆ. ಹಂಗಾದ್ರ ಸ್ವಲ್ಪ ತಡಕೊಳ್ರಿ ಮಾವಶಿ. ಈಗ ಲೈವ್ ಚಾಲೂ ಆಗ್ತದ."

"ಇಲ್ಲೇ ಹೋಗ್ಲಿ?"

ಮ್ಯಾಡಮ್ ನಕ್ಕರು. "ಏನರ ಒಂದು ಮಾತಾಡ್ತೀರಿ ನೋಡ್ರಿ." ಕೀಲಿಕೈ ಅವರ ಜಡೆಯ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಅವತ್ತು ಅದನ್ನು ಯಾರಿಗೂ ಕೊಡುವಂತಿರಲಿಲ್ಲ. ಬಂದ ಮಂದಿ ಬಹಳ. ಅವರಿಗೂ ಚೌಕದ ದಾರಿಯನ್ನೇ ತೋರಿಸಲಾಗಿತ್ತು. ಕತ್ತಲಿರುವಾಗಲೇ ಸರಕಾರಿ ಎಸ್ಟಿ ಬಸ್ಸು ಹತ್ತಿ ಬಂದ ತಾಯಂದಿರು ಕೆಳಗೆ ಹೋಗಿ, ಒಡೆದ ಗೋಡೆ ನೋಡಿ, ಮರಳಿ ಬಂದು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅವರ ಕೂರುವ ರೀತಿ ನೋಡಿಯೇ ಅನುಸೂಯಾಳಿಗೆ ತಿಳಿಯಿತು. ಅವರಿಗೂ ಪಾನಕ ಕೊಟ್ಟಾಗಿತ್ತು.

ಅಷ್ಟರಲ್ಲಿ ಸರ್ ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಗಡಿಬಿಡಿಯಲ್ಲಿ ಬಂದರು. ಹಳೆಯ ಹುಡುಗಿಯರೆಲ್ಲ ಬೇರೆಲ್ಲೋ ಸರಕಾರಿ ಪರೀಕ್ಷೆಗೆ ಹೋಗಿದ್ದರು. ಪ್ಯಾರಿಸ್ಸಿನ ಹೆಂಗಸರಾಗಲು ಜ್ಯೋತ್ಸ್ನಾ ಒಬ್ಬಳೇ ಉಳಿದಿದ್ದಳು.

"ಮಾವಶಿ, ನೀವೂ ಬರ್ರಿ. ಕೈಯಾಗ ಪೊರಕಿ ಇರ್ಲಿ, ಛೊಲೊ ಕಾಣ್ತದ. ನಾ ಕೇಳ್ತೀನಿ, ಜನತೆಗೆ ಏನು ಬೇಕು ಅಂತ. ನೀವು ಮರಾಠಿಯಾಗ, ರೊಟ್ಟಿ ಬೇಕು ಅಂತ, 'ಭಾಕರಿ!' ಅನ್ರಿ. ಅಷ್ಟ. ಸಿಟ್ಟೀಲೆ ಅನ್ರಿ."

"ಸಿಟ್ಟು ಹ್ಯಾಂಗ ತರ್ಲಿ ಸರ್?"

"ಹಂಗ ಸುಮ್ಮ ನಟನಾ ಮಾಡ್ರಿ. ನಿಮ್ಮಂಥಾವರು ಎಷ್ಟ ಶಾಂತ ಇರ್ತೀರಿ, ಕಷ್ಟ ಆಗ್ತದ, ಗೊತ್ತದ ನನಗ," ಎಂದರು ಸರ್ ಕರುಣೆಯಿಂದ.

ವೇದಿಕೆಗೆ ಹೊಸ ಕೆಂಪು ಕಾರ್ಪೆಟ್ಟು ಹಾಸಿದ್ದರು. ಸರ್ ಅವರ ತಿರುಗುವ ಕುರ್ಚಿಯಲ್ಲಿ ವಿಕಾಸನೆಂಬ ಹುಡುಗ ರಟ್ಟಿನ ಕಿರೀಟ ಹಾಕಿ, ಕಿಟಕಿಯ ಪರದೆ ಹೊದ್ದು ರಾಜನಾಗಿ ಕುಳಿತಿದ್ದ. ಎದುರಿಗೆ ಮೊಬೈಲು ಕಂಬದ ಮೇಲೆ ನಿಂತು ಎಲ್ಲವನ್ನೂ ಲೋಕಕ್ಕೆ ತೋರಿಸುತ್ತಿತ್ತು. ಬಸವಲಿಂಗ ಮೂಲೆಯಲ್ಲಿ ಸ್ಪೀಕರಿನ ಪೆಟ್ಟಿಗೆಯ ಹತ್ತಿರ. ಅನುಸೂಯಾ ಪೊರಕೆ ಹಿಡಿದು ಕಾರ್ಪೆಟ್ಟಿನ ಮೇಲೆ ನಿಂತಳು. ಅದರ ಮೇಲೆ ಅವಳು ಮೊದಲ ಸಲ ನಿಂತದ್ದು. ಬೆಳಿಗ್ಗೆ ಗುಡಿಸುವಾಗ ಮೊಣಕಾಲಲ್ಲಿ ಇದ್ದಳು.

ಸರ್ ಶುರು ಮಾಡಿದರು. ಮರಾಠಿ ಅವರ ಬಾಯಲ್ಲಿ ಗುಡುಗುತ್ತಿತ್ತು.

"ಅಕ್ಟೋಬರ್ ತಿಂಗಳು. ಪ್ಯಾರಿಸ್ಸಿನ ಸಂತೆಯ ಹೆಂಗಸರು. ಮನೆಯಲ್ಲಿ ಹಿಟ್ಟಿಲ್ಲ. ರಾಜ ದೂರದ ಅರಮನೆಯಲ್ಲಿ. ಹೆಂಗಸರು ಹೊರಟರು. ನಡೆದುಕೊಂಡು! ಮತ್ತು ಮಳೆ! ಎಂಥ ಮಳೆ! ಮೇಲಿಂದ ನೀರು, ಕೆಳಗೆ ನೀರು, ಧೋ ಧೋ ಧೋ ಎಂದು ಸುರಿಯುವ ನೀರು!"

ಅನುಸೂಯಾ ಕಣ್ಣು ಮುಚ್ಚಿದಳು. ಮುಂದಿನ ಸಾಲಿನ ತಾಯಿಯೊಬ್ಬಳು ಕಾಲ ಮೇಲೆ ಕಾಲು ಹಾಕಿಕೊಂಡಳು.

"ಚರಂಡಿ ತುಂಬಿ ಹರಿಯುತ್ತಿದೆ! ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದೆ! ತೊಟ್ ತೊಟ್ ತೊಟ್! ಆದರೂ ಅವರು ನಿಲ್ಲಲಿಲ್ಲ!"

ಅವಳಿಗೆ ಬೆವರು ಒಡೆಯಿತು. ಕಿಬ್ಬೊಟ್ಟೆಯಲ್ಲಿ ಕಲ್ಲು ಕೂತಂತೆ. ಅದರ ಕೆಳಗೆ ಬೆಂಕಿ. ಪೊರಕೆಯನ್ನು ಎರಡೂ ಕೈಯಿಂದ ಹಿಡಿದು, ಅದರ ಮೇಲೆ ಭಾರ ಬಿಟ್ಟು ನಿಂತಳು. ಎಷ್ಟು ಚೆನ್ನಾಗಿ ನಟಿಸುತ್ತಿದ್ದಾಳೆ ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

ಸರ್ ಕೈ ಎತ್ತಿದರು. "ಅರಮನೆಯ ಬಾಗಿಲಿಗೆ ಬಂದರು! ರಾಜ ಕೇಳಿದ: ಜನತೆಗೆ ಏನು ಬೇಕು?"

"ಭಾಕರಿ!" ಎಂದಳು ಜ್ಯೋತ್ಸ್ನಾ.

"ಸಂಡಾಸದ ಚಾವಿ," ಎಂದಳು ಅನುಸೂಯಾ.

ಸಭೆಯೆಲ್ಲ ನಕ್ಕಿತು. ಸರ್ ಬಾಗಿ ಮೆಲ್ಲಗೆ ನೆನಪು ಮಾಡಿದರು: "ಭಾಕರಿ, ಮಾವಶಿ, ಭಾಕರಿ."

"ಭಾಕರಿ ಮನ್ಯಾಗ ತಿಂದು ಬಂದೀನ್ರಿ ಸರ್. ಈಗ ಚಾವಿ ಬೇಕು."

ರಾಜ ವಿಕಾಸನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ನಾಟಕ ಕೆಡಬಾರದೆಂದು ಕಿರೀಟ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ: "ಚಾವಿ ಮಹಾರಾಣಿಯವರ ಹತ್ತಿರ ಇದೆ." ಎಲ್ಲರೂ ತಿರುಗಿ ಆಫೀಸಿನ ಕಡೆ ನೋಡಿದರು. ನೀಲಿಮಾ ಮ್ಯಾಡಮ್ ಎದ್ದು ದಡದಡ ವೇದಿಕೆಗೆ ಬಂದರು. ಮುಖದ ನಗೆ ಹಾಗೇ ಇತ್ತು. ಗಂಡನ ಕೊರಳ ಹತ್ತಿರ ಬಾಗಿ, ಎಂದಿನಂತೆ ತಮ್ಮ ಗುಟ್ಟಿನ ಭಾಷೆಯಲ್ಲಿ ಹೇಳಿದರು:

"ಇಕಿಗೆ ಹುಚ್ಚು ಹಿಡದದೇನ್ರಿ? ಇಕಿಗೆ ಕೊಟ್ರ ಈ ಹಳ್ಳಿ ಮಂದಿ ಎಲ್ಲಾರೂ ಎದ್ದು ನಿಂದ್ರತಾರ. ಕಮೋಡಿನ ಮ್ಯಾಲ ಕೂಡೂ ರೀತಿ ಸುದ್ಧಾ ಗೊತ್ತಿಲ್ಲ ಇವಕ್ಕ. ಹೊಸಾ ಟೈಲ್ಸ್ ಹಾಳಾಗಿ ಹೋಗ್ತಾವ."

ಸರ್ ಅವರ ಕಾಲರಿನ ಮೈಕು ಒಳ್ಳೆಯ ಕಂಪನಿಯದು. ಒಂದಕ್ಷರವನ್ನೂ ಬಿಡಲಿಲ್ಲ. ಹಾಲಿನ ನಾಲ್ಕೂ ಮೂಲೆಯ ಸ್ಪೀಕರಿನಿಂದ ನೀಲಿಮಾ ಮ್ಯಾಡಮ್ಮರ ದನಿ ಮಧುರವಾಗಿ ಹೊಮ್ಮಿತು.

ಮ್ಯಾಡಮ್ ಗಾಬರಿಯಾದರೂ ಧೈರ್ಯ ಬಿಡಲಿಲ್ಲ. ಕನ್ನಡವಲ್ಲವೇ.

ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬಳು ಎದ್ದಳು. ಕಾಲ ಮೇಲೆ ಕಾಲು ಹಾಕಿಕೊಂಡಿದ್ದವಳು ಅವಳೇ. ಜತ್ತದ ಆಚೆಯ ಹಳ್ಳಿಯವಳು.

"ಏನಂದ್ರಿ ಬಾಯಾರ? ಯಾರಿಗಿ ಕೂಡೂ ರೀತಿ ಗೊತ್ತಿಲ್ಲ?"

ಅಕ್ಕಲಕೋಟೆಯ ಮುದುಕನೊಬ್ಬ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ವಿನಯದಿಂದ ಹೇಳಿದ: "ತಾಯಿ, ಇಲ್ಲಿ ಅರ್ಧ ಮಂದಿ ಮನ್ಯಾಗ ಕನ್ನಡಾನ ಮಾತಾಡೂದ್ರಿ." ಉಳಿದ ಅರ್ಧಕ್ಕೆ ಅನ್ಯಾಯವಾಗಬಾರದೆಂದು ಅವನ ಪಕ್ಕದವನು ಎದ್ದು ನಿಂತು, ಮ್ಯಾಡಮ್ ಹೇಳಿದ್ದನ್ನು ಚಾಚೂ ತಪ್ಪದೆ ಮರಾಠಿಗೆ ಅನುವಾದ ಮಾಡಿದ. ಟೈಲ್ಸಿನ ಮಾತು ಬಂದಾಗ ಸತಾರದ ಕಡೆಯ ಹೆಂಗಸರ ಗುಂಪೊಂದು ಒಟ್ಟಿಗೇ ಎದ್ದಿತು.

ಸರ್ ಕೈಸನ್ನೆ ಮಾಡಿ, ಮೈಕು ಬಂದ್ ಮಾಡು ಎಂದರು. ಬಸವಲಿಂಗ ಕಿಸೆಯಿಂದ ಚಷ್ಮಾ ತೆಗೆದ. ಒರೆಸಿದ. ಹಾಕಿಕೊಂಡ. ಪೆಟ್ಟಿಗೆಯ ಗುಂಡಿಗಳನ್ನು ಒಂದೊಂದಾಗಿ ನೋಡಿದ. ಮತ್ತೆ ಚಷ್ಮಾ ತೆಗೆದು ಒರೆಸಿದ. ಗುಂಡಿ ಸಿಗಲೇ ಇಲ್ಲ.

ಸರ್ ತಾವೇ ಇಳಿದು ಹೋಗಿ ಮೊಳೆಯಿಂದ ಕೀಲಿಕೈ ತಂದರು. ಅನುಸೂಯಾಳ ಮುಂದೆ ಹಿಡಿದರು.

"ಹೋಗಿ ಬರ್ರಿ ಮಾವಶಿ. ಇವತ್ತೊಂದಿನ. ಲಗೂ ಹೋಗಿ ಬರ್ರಿ."

ಕೀಲಿಕೈ ಗೇಣು ದೂರದಲ್ಲಿತ್ತು. ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಮೈಯೆಲ್ಲ ಆ ಕೈಯ ಹಿಂದೆ ಹೋಗಲು ಸಿದ್ಧವಾಗಿತ್ತು. ತಗೋ, ಓಡು, ಎನ್ನುತ್ತಿತ್ತು ಹೊಟ್ಟೆ. ಆದರೆ ಆ ಮಾತು ಕಿವಿಯಲ್ಲಿ ಉಳಿಯಿತು. ಇವತ್ತೊಂದಿನ. ನಾಳೆ ಮತ್ತೆ ತೆರೆದ ಬಾಗಿಲು. ಬೆನ್ನಿಗೆ ತಾಗುವ ಕಣ್ಣು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಸವಲಿಂಗ ಮೂಲೆಯಿಂದ, "ತಗೋ ಅನಸಕ್ಕಾ!" ಎಂದು ಪಿಸುಗುಟ್ಟಿದ.

"ಬ್ಯಾಡ್ರಿ."

"ಬ್ಯಾಡಂದ್ರ?"

"ಇವತ್ತೊಂದಿನದ್ದು ಬ್ಯಾಡ್ರಿ ಸರ್. ನಾಳಿ ನನ್ನ ಹೊಟ್ಟೀಗಿ ಏನಂತ ಹೇಳ್ಲಿ? ನಿನ್ನಿದು ನಾಟಕ ಇತ್ತು, ಇವತ್ತ ಮುಚಗೊಂಡು ಕೂಡು ಅನ್ಲಿ?"

"ಆಮ್ಯಾಲ ಮಾತಾಡೋಣಂತ, ಈಗ ಹೋಗ್ರಿ…"

"ದಿನಾ ಹೋಗ್ಲಾಕ ಬಿಡ್ತೀನಿ ಅನ್ರಿ. ಬಾಗಿಲಾ ಹಾಕ್ಕೊಂಡು. ಇಲ್ಲಂದ್ರ ನಾ ಇಲ್ಲೇ ಹೋಗ್ತೀನಿ. ನಿಂತಲ್ಲೇ. ಇದ ಕಾರ್ಪೆಟ್ಟಿನ ಮ್ಯಾಲ." 

ಉಸಿರು ಹಿಡಿದು, ಒಂದೊಂದೇ ಮಾತು ಬಿಟ್ಟಳು:

"ಒರಸಾಕಿ ಮಾತ್ರ ನಾ ಅಲ್ಲ."

ಮಧುಕರ ಸರ್ ಒಂದು ಹೆಜ್ಜೆ ಹಿಂದೆ ಸರಿದರು. ಕುರ್ಚಿಯಲ್ಲಿದ್ದ ರಾಜ ಪರದೆಯ ತುದಿಯನ್ನು ಎತ್ತಿಕೊಂಡ.

"ಅಂಜಸ್ತೀರೇನು?" ನೀಲಿಮಾ ಮ್ಯಾಡಮ್ಮರ ನಗೆ ಈಗ ಹೋಗಿತ್ತು. "ನಾಳಿಂದ ಕೆಲಸಕ್ಕ ಬರಬ್ಯಾಡ್ರಿ. ನಡೀರಿ."

ಕೆಲಸ. ಆ ಒಂದು ಶಬ್ದ ಬಿದ್ದ ಕೂಡಲೇ ಮನೆಯ ಬಾಡಿಗೆ, ಗುಳಿಗೆ, ಸಾಯಲಿಯ ಬಸ್ಸಿನ ಪಾಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಯಿ ಒಣಗಿತು. ಅಷ್ಟು ಕುಡಿದಿದ್ದರೂ ಒಣಗಿತು. ಆದರೆ ನೆಲಕ್ಕೆ ಒತ್ತಿದ ಪೊರಕೆ ಅಲ್ಲಾಡಲಿಲ್ಲ.

"ಬರಬ್ಯಾಡಂದ್ರ ಬರೂದಿಲ್ರಿ ಬಾಯಾರ. ಹೋಗೂದು ಮಾತ್ರ ಇಲ್ಲೇ ಹೋಗಿ ಹೋಗ್ತೀನಿ."

ಜ್ಯೋತ್ಸ್ನಾ ಬಂದು ಅವಳ ಪಕ್ಕಕ್ಕೆ ನಿಂತಳು. ಪ್ಯಾರಿಸ್ಸಿನ ಹೆಂಗಸಾಗಲು ಸೊಂಟಕ್ಕೆ ಕಟ್ಟಿದ್ದ ಟವೆಲ್ಲು ಹಾಗೇ ಇತ್ತು. ಮರಾಠಿಯಲ್ಲಿ ಕೇಳಿದಳು, ಬಹಳ ಮರ್ಯಾದೆಯಿಂದ: ಮಾವಶಿ ಬರದಿದ್ದರೆ ನಾಳೆಯಿಂದ ಯಾರು ತೊಳೆಯುತ್ತಾರೆ, ಮ್ಯಾಡಮ್?

"ನಾನಲ್ಲ," ಎಂದ ರಾಜ ತಕ್ಷಣ.

"ಇಂಥಾ ಕ್ಲಾಸಿನ್ಯಾಗ ನಮ್ಮ ಹುಡುಗಿನ್ನ ಹ್ಯಾಂಗ ಬಿಡೂದ್ರಿ ಸರ್?" ಎಂದಳು ಜತ್ತದವಳು. "ಇಕಿ ಗತಿ ಹಿಂಗಾದ್ರ ನಾಳಿ ನಮ್ಮ ಹುಡುಗಿ ಗತಿ ಏನು? ನೀವು ಈ ಅಕ್ಕನಿಗಿ ಹೂಂ ಅಂದ್ರ ನಾ ಕೂಡ್ತೀನಿ, ಇಲ್ಲಂದ್ರ ಎದ್ದು ಹೋಗ್ತೀನಿ. ಎಲ್ಲಿ ಹೋಗ್ತೀನಿ ಅಂತ ಕೇಳಬ್ಯಾಡ್ರಿ, ಜಾಗಾನ ಇಲ್ಲ!"

ಮಧುಕರ ಸರ್ ಸಭೆಯನ್ನು ನೋಡಿದರು, ಮೊಬೈಲನ್ನು ನೋಡಿದರು, ಕಾರ್ಪೆಟ್ಟನ್ನು ನೋಡಿದರು. ಎಷ್ಟು ವರ್ಷ ಎಷ್ಟು ರಾಜರ ತಲೆ ಉರುಳಿಸಿದ ಮನುಷ್ಯ. ಹೆಂಗಸರು ಬಾಗಿಲಿಗೆ ಬಂದಾಗ ರಾಜನ ಮುಖ ಹೇಗಾಗಿತ್ತು ಎಂಬುದನ್ನು ಅವರು ಯಾವ ಬ್ಯಾಚಿಗೂ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ.

"ಸರಿ. ನಾಳೆನೂ ಹೋಗ್ರಿ," ಎಂದರು.

"ನಾಡದ?"

"ನಾಡದೂ."

"ಎಲ್ಲಾರಿಗೂ ಕೇಳೂಹಂಗ ಅನ್ರಿ. ಮರಾಠಿಯಾಗೂ ಅನ್ರಿ."

ಸರ್ ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಹೇಳಿದರು. ಇಂದಿನಿಂದ ಕ್ಲಾಸಿನ ಸಂಡಾಸಕ್ಕೆ ಇಲ್ಲಿ ಕೆಲಸ ಮಾಡುವವರು, ಕಲಿಯುವವರು, ಬಂದವರು, ಎಲ್ಲರೂ ಹೋಗಬಹುದು. ಬಾಗಿಲು ಹಾಕಿಕೊಂಡು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಇದೂ ಪಾಠದ ಭಾಗವೆಂದು ತಿಳಿದ ಹಿಂದಿನ ಸಾಲಿನವರು ಇನ್ನೂ ಜೋರಾಗಿ ತಟ್ಟಿದರು.

"ಕೆಲಸದ ಮಾತು?" ಎಂದಳು ಅನುಸೂಯಾ. ಅವಳು ನೋಡಿದ್ದು ಸರ್ ಅವರನ್ನಲ್ಲ.

ನೀಲಿಮಾ ಮ್ಯಾಡಮ್ ಉತ್ತರ ಕೊಡಲು ಬಾಯಿ ತೆರೆದವರು ಅವಳ ಕಾಲು ನೋಡಿದರು. ಸೀರೆಯ ನಿರಿಗೆ ಗಡಗಡ ನಡುಗುತ್ತಿತ್ತು. ಹೆಬ್ಬೆರಳು ಕಾರ್ಪೆಟ್ಟನ್ನು ಕಚ್ಚಿ ಹಿಡಿದಿದ್ದವು. ಮೇಜಿನ ಆಚೆಯಿಂದ ಇಷ್ಟು ದಿನ ಬೆನ್ನನ್ನಷ್ಟೇ ನೋಡಿದವರು. ಗಂಡನ ಕೈಯಿಂದ ಕೀಲಿಕೈ ಕಸಿದು ಅವಳ ಅಂಗೈಯಲ್ಲಿಟ್ಟರು.

"ಬರ್ರಿ ನಾಳೆ. ಈಗ ಮದಲ ಹೋಗ್ರಿ ನೀವು, ಪುಣ್ಯಾತಗಿತ್ತಿ."

ಓಡುವ ಹಾಗಿರಲಿಲ್ಲ. ಓಡಿದರೆ ಮುಗಿಯಿತು. ಮದುವಣಗಿತ್ತಿಯಂತೆ ಒಂದೊಂದೇ ಹೆಜ್ಜೆ ಇಡುತ್ತ ಹೋದಳು. ಜತ್ತದವಳು ತೋಳು ಹಿಡಿದು ಬಾಗಿಲ ತನಕ ಬಂದಳು. ಅನುಸೂಯಾ ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಎಳೆದಳು. ಕಟಕ್ಕೆಂದು ಸದ್ದಾಯಿತು. ಇಡೀ ಹಾಲಿಗೆ ಕೇಳಿತು.

ಕೂತಳು. ದಿನವೂ ಕೈಯಿಂದ ಉಜ್ಜಿದ ಆ ಕಮೋಡು ಮೈಗೆ ಅಷ್ಟು ತಣ್ಣಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಸವಲಿಂಗನ ಚಹಾ ಹೋಯಿತು, ಜ್ಯೋತ್ಸ್ನಾಳ ಶರಬತ್ತು ಹೋಯಿತು, ಮ್ಯಾಡಮ್ಮರ ಪಾನಕ ಹೋಯಿತು. ಉರಿಯಿತು. ಉರಿದರೂ ಸುಖವೆನಿಸಿತು. ಕಣ್ಣಲ್ಲಿ ನೀರು ಬಂತು, ಅದನ್ನೂ ತಡೆಯಲಿಲ್ಲ. ಆದ ಮೇಲೂ ಎದ್ದೇಳಲಿಲ್ಲ. ಇಷ್ಟು ದಿನದ್ದೆಲ್ಲ ಒಮ್ಮೆಗೇ ಕೂತು ಬಿಡೋಣ ಎಂದುಕೊಂಡಳು. ಎದುರಿನ ಟೈಲ್ಸನ್ನು ನೋಡಿದಳು. ಚೆನ್ನಾಗಿ ತೊಳೆದಿದ್ದೇನೆ ಎನಿಸಿತು.

ಬಾಗಿಲ ಮೇಲೆ ಬೆರಳು ಬಡಿಯಿತು. "ಮಾವಶಿ, ಆತೇನು? ಹೊರಗ ಮಂದಿ ನಿಂತಾರ." ನೀಲಿಮಾ ಮ್ಯಾಡಮ್ಮರ ದನಿ.

"ಕೂತೀನ್ರಿ ಬಾಯಾರ."

"ಇನ್ನೂ?"

"ಸಾವಕಾಶ ಆಗ್ಲಿ ಬಿಡವ್ವಾ," ಎಂದಳು ಹೊರಗಿನಿಂದ ಜತ್ತದವಳು. "ನಾವು ನಿಂತಿರ್ತೀವಿ."

ಹಾಗೆ ಹೇಳಿದಳು. ಆದರೆ ಅವಳ ಬಳೆ ಸದ್ದು ಮಾಡುತ್ತಿದ್ದವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುವ ಹೆಂಗಸಿನ ಬಳೆಯ ಸದ್ದು ಹೇಗಿರುತ್ತದೆ ಎಂದು ಅನುಸೂಯಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದಳು. ನೀರು ಬಿಟ್ಟಳು. ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡಳು. ಚಿಲಕ ತೆಗೆದಳು.

ಎದುರಿಗೆ ನೀಲಿಮಾ ಮ್ಯಾಡಮ್ ಕೀಲಿಕೈಗಾಗಿ ಕೈ ಚಾಚಿ ನಿಂತಿದ್ದರು. ಅನುಸೂಯಾ ಅವರನ್ನು ದಾಟಿ ಜತ್ತದವಳ ಕೈಗೆ ಕೀಲಿಕೈ ಕೊಟ್ಟಳು. "ಹೋಗವ್ವಾ ಲಗೂ. ನಿಂದು ಆದ ಮ್ಯಾಲ ನಿನ್ನ ಹಿಂದಿನಾಕಿಗಿ ಕೊಡು."

"ಮಾವಶಿ, ನಂಗೂ…" ಎಂದರು ನೀಲಿಮಾ ಮ್ಯಾಡಮ್ ತಗ್ಗಿದ ದನಿಯಲ್ಲಿ. ಅವರೂ ಬೆಳಿಗ್ಗೆಯಿಂದ ಪಾನಕದ ರುಚಿ ನೋಡಿದ್ದರು.

"ಪಾಳಿ ಅಲ್ಲಿಂದ ಅದ ರೀ ಬಾಯಾರ," ಎಂದು ಅನುಸೂಯಾ ಮರ್ಯಾದೆಯಿಂದ ಕೈ ತೋರಿಸಿದಳು.

ನಿಂತವರ ಸಾಲು ಕುರ್ಚಿಗಳ ನಡುವೆ ಬಳಸಿಕೊಂಡು ಮೆಟ್ಟಿಲ ತನಕ ಹೋಗಿತ್ತು. ಅದರ ಕೊನೆಯಲ್ಲಿ, ಕಾಲರಿನ ಮೈಕನ್ನು ಇನ್ನೂ ತೆಗೆಯದೆ, ಮಧುಕರ ಸರ್ ಆಗಲೇ ನಿಂತಿದ್ದರು.